ವಿನ್ಯಾಸ ಶಾಲೆಯ ಚರಿತ್ರೆ: ಸ್ಫೂರ್ತಿಯ ನೆಲೆ, ತತ್ತ್ವದ ಬೆಲೆ

ವಿನ್ಯಾಸವನ್ನು ಶಾಲೆಯಲ್ಲಿ ಕೂರಿಸಿ ಕಲಿಸುವ ಪದ್ಧತಿ ಬಹಳ ಹಳೆಯದಲ್ಲ. ಅದಕ್ಕೆ ಮುಂಚೆ ನೇಕಾರರ, ಬಡಗಿಗಳ, ಕಂಚುಗಾರರ ಮಕ್ಕಳು ಮಗ್ಗದ ಬದಿಯಲ್ಲೋ ಕುಲುಮೆಯ ಮುಂದೆಯೋ ಕೂತು ಕಸುಬು ಕಲಿಯುತ್ತಿದ್ದರು. ಹೊಸ ರೂಪ ಹೇಗೆ ಹೊಳೆಯಬೇಕು, ಮಾಡುವವರು ಯಾವುದಕ್ಕೆ ಬದ್ಧರಾಗಿರಬೇಕು ಎಂಬ ಪ್ರಶ್ನೆಗಳಿಗೆ ಕಸುಬಿನೊಳಗೇ ಉತ್ತರ ಸಿಗುತ್ತಿತ್ತು. ಕಾರ್ಖಾನೆಗಳು ಬಂದು, ಯೋಚಿಸುವವರು ಬೇರೆ, ಮಾಡುವವರು ಬೇರೆ ಆದ ಮೇಲೆ ಆ ಉತ್ತರಗಳನ್ನು ಶಾಲೆಗಳು ಹುಡುಕಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಈಚೆಗೆ ವಿದ್ಯಾರ್ಥಿಯು ಸ್ಫೂರ್ತಿಗಾಗಿ ನೋಡಬೇಕಾದ ಜಾಗ ನಾಲ್ಕು ಹಂತಗಳಲ್ಲಿ ಬದಲಾಗಿದೆ. ಮೊದಲು ಹಳೆಯ ಅಲಂಕಾರ, ಆಮೇಲೆ ವಸ್ತುವಿನ ಗುಣ, ಅನಂತರ ಬಳಕೆ, ಕೊನೆಗೆ ಬಳಸುವವರ ಬದುಕು. ಪ್ರತಿ ಹಂತದಲ್ಲೂ ವಿನ್ಯಾಸಕಾರರು ಪಾಲಿಸಬೇಕಾದ ತತ್ತ್ವವೂ ಜೊತೆಗೇ ಬೆಳೆದಿದೆ.

1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ಮಹಾ ಪ್ರದರ್ಶನದಿಂದ ಮೊದಲ ಹಂತವನ್ನು ಗುರುತಿಸಬಹುದು. ಬ್ರಿಟನ್ನಿನ ಯಂತ್ರಗಳು ತಯಾರಿಸಿದ ಸರಕಿನ ಪಕ್ಕದಲ್ಲೇ ಭಾರತದ ಬಟ್ಟೆ, ಲೋಹದ ಕೆಲಸಗಳನ್ನು ಇಟ್ಟಿದ್ದರು. ಬಣ್ಣಗಳ ಹೊಂದಾಣಿಕೆಯಲ್ಲೂ ಅಲಂಕಾರದ ಹದದಲ್ಲೂ ಭಾರತದ ಕೆಲಸವೇ ಮೇಲು ಎಂದು ವಾಸ್ತುಶಿಲ್ಪಿ ಓವೆನ್ ಜೋನ್ಸ್ ಕಂಡುಕೊಂಡರು. 1856ರಲ್ಲಿ ಅವರು ಪ್ರಕಟಿಸಿದ ‘ಗ್ರಾಮರ್ ಆಫ್ ಆರ್ನಮೆಂಟ್’ ಗ್ರಂಥ ಅನೇಕ ನಾಡುಗಳ ಅಲಂಕಾರಗಳನ್ನು ಒಂದೆಡೆ ತಂದಿತು. ಅದರ ಆರಂಭದಲ್ಲಿ ವಿನ್ಯಾಸಕಾರರಿಗೆ 37 ಸೂತ್ರಗಳಿದ್ದವು. ವಿದ್ಯಾರ್ಥಿ ಹಳೆಯ ಮಾದರಿಗಳನ್ನು ಬರಿದೇ ನಕಲು ಮಾಡದೆ, ಅವುಗಳ ಹಿಂದಿನ ನಿಯಮವನ್ನು ಅರಿಯಬೇಕು ಎಂಬುದು ಅವರ ಅಪೇಕ್ಷೆ. ಆದರೆ ಆ ಕಾಲದ ಶಾಲೆಗಳಲ್ಲಿ ನಡೆದದ್ದು ಬಹುಮಟ್ಟಿಗೆ ನಕಲೇ. ಮದರಾಸಿನಲ್ಲಿ 1850ರಲ್ಲಿ, ಕಲ್ಕತ್ತೆಯಲ್ಲಿ 1854ರಲ್ಲಿ, ಮುಂಬಯಿಯಲ್ಲಿ 1857ರಲ್ಲಿ ತೆರೆದ ಕಲಾಶಾಲೆಗಳಲ್ಲೂ ಯುರೋಪಿನ ಪಾಠಕ್ರಮದ ಪ್ರಭಾವ ದಟ್ಟವಾಗಿತ್ತು.

ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಈ ಚರ್ಚೆಗೆ ಇನ್ನೊಂದು ಮಾತು ಸೇರಿಸಿದರು. ಮಾಡುವವರ ದುಡಿಮೆಯಲ್ಲಿ ನೆಮ್ಮದಿ ಇಲ್ಲದಿದ್ದರೆ ಮಾಡಿದ ವಸ್ತುವಿನಲ್ಲಿ ಚೆಲುವು ಇರಲಾರದು ಎಂದು ಅವರು ವಾದಿಸಿದರು. ಅವರು ತಾವೇ ಮಗ್ಗದ ಮುಂದೆ ಕೂತು ನೇಯ್ದರು, ನೀಲಿಯ ತೊಟ್ಟಿಗೆ ಕೈ ಅದ್ದಿ ಬಣ್ಣ ಹಾಕುವುದನ್ನು ಕಲಿತರು. ವಿನ್ಯಾಸವೂ ನ್ಯಾಯ ಅನ್ಯಾಯದ ಪ್ರಶ್ನೆಯೇ ಎಂಬ ವಿಚಾರ ಬೇರೂರಿದ್ದು ಹೆಚ್ಚಾಗಿ ಅವರಿಂದ.

ಎರಡನೆಯ ಹಂತ ಜರ್ಮನಿಯ ವೈಮಾರ್ ನಗರದ್ದು. ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ವಾಲ್ಟರ್ ಗ್ರೋಪಿಯಸ್ ಅಲ್ಲಿ ಬೌಹೌಸ್ ಶಾಲೆಯನ್ನು ತೆರೆದರು. ಯಾವ ವಿಭಾಗಕ್ಕೆ ಸೇರುವವರಾದರೂ ಮೊದಲು ಒಂದು ಪೂರ್ವಸಿದ್ಧತಾ ತರಗತಿಯನ್ನು ದಾಟಬೇಕಿತ್ತು. ಅದನ್ನು ರೂಪಿಸಿದವರು ಯೋಹಾನೆಸ್ ಇಟೆನ್. ಶಾಲೆಗೆ ಬರುವಾಗ ತಲೆಯಲ್ಲಿ ತುಂಬಿಕೊಂಡು ಬಂದ ಸಿದ್ಧ ಮಾದರಿಗಳನ್ನು ಕಳಚಿಹಾಕುವುದೇ ಆ ತರಗತಿಯ ಗುರಿ. ಮರ, ಉಣ್ಣೆ, ಗಾಜು, ತಗಡುಗಳನ್ನು ಮುಟ್ಟಿ, ಸವರಿ, ಕತ್ತರಿಸಿ ಅವುಗಳ ಸ್ವಭಾವವನ್ನು ಕೈಯಿಂದಲೇ ತಿಳಿಯಬೇಕಿತ್ತು.

ಮುಂದೆ ಈ ತರಗತಿಯ ಹೊಣೆ ಹೊತ್ತ ಯೋಸೆಫ್ ಆಲ್ಬರ್ಸ್ ಕೊಡುತ್ತಿದ್ದ ಒಂದು ಅಭ್ಯಾಸ ಹೆಸರಾಗಿದೆ. ಅವರು ಒಂದು ಕಂತೆ ದಿನಪತ್ರಿಕೆ ತಂದು ಹಂಚಿ, ಇದರಿಂದ ಏನಾದರೂ ಮಾಡಿ, ಕಾಗದದ ಗುಣಕ್ಕೆ ಒಪ್ಪುವಂತಿರಲಿ, ಚೂರೂ ಪೋಲಾಗದಿರಲಿ ಎಂದು ಹೇಳಿ ಹೊರಟುಹೋಗುತ್ತಿದ್ದರು. ಒಮ್ಮೆ ಮರಳಿ ಬರುವ ಹೊತ್ತಿಗೆ ಮೇಜಿನ ಮೇಲೆ ಕೋಟೆ, ಹಡಗು, ವಿಮಾನಗಳು ನಿಂತಿದ್ದವು. ಅವೆಲ್ಲ ಬೇರೆ ವಸ್ತುಗಳಲ್ಲಿ ಇನ್ನೂ ಚೆನ್ನಾಗಿ ಆಗುತ್ತಿದ್ದವು ಎಂದರು ಆಲ್ಬರ್ಸ್. ಒಬ್ಬ ವಿದ್ಯಾರ್ಥಿ ಮಾತ್ರ ಹಾಳೆಯನ್ನು ಉದ್ದಕ್ಕೆ ಒಂದು ಸಲ ಮಡಚಿ ನಿಲ್ಲಿಸಿದ್ದ. ಗುರುಗಳು ಮೆಚ್ಚಿಕೊಂಡದ್ದು ಅದನ್ನೇ. ಮಲಗಿದ್ದರೆ ಮೆತ್ತಗಿರುವ ಕಾಗದ ಒಂದೇ ಮಡಿಕೆಯಿಂದ ಬಲ ಪಡೆದು ನಿಂತಿತ್ತು, ಅದರ ಎರಡೂ ಮುಖಗಳು ಕಾಣುತ್ತಿದ್ದವು. ಸ್ಫೂರ್ತಿ ಎಂದರೆ ದೂರದ ಕನಸನ್ನು ವಸ್ತುವಿನ ಮೇಲೆ ಹೇರುವುದಲ್ಲ, ವಸ್ತುವಿನಲ್ಲೇ ಅಡಗಿರುವ ಸಾಧ್ಯತೆಯನ್ನು ಕಾಣುವುದು ಎಂಬ ಪಾಠ ಅದರಲ್ಲಿತ್ತು. ಪೋಲು ಮಾಡಬಾರದು ಎಂಬ ತತ್ತ್ವವನ್ನೂ ವಿದ್ಯಾರ್ಥಿ ಅದೇ ಅಭ್ಯಾಸದಲ್ಲಿ ಕೈಯಾರೆ ಕಲಿತ. 1925ರಲ್ಲಿ ಡೆಸೌಗೆ, ಆಮೇಲೆ ಬರ್ಲಿನ್ನಿಗೆ ಸ್ಥಳಾಂತರಗೊಂಡ ಶಾಲೆ ನಾಜಿಗಳ ಒತ್ತಡದಿಂದ 1933ರಲ್ಲಿ ಮುಚ್ಚಿತು. ಅದರ ಗುರುಗಳು ಚದುರಿದ ಕಡೆಗೆಲ್ಲ ಪಾಠಕ್ರಮವೂ ಹೋಯಿತು.

ಬೌಹೌಸ್ ಆರಂಭವಾದ 1919ರಲ್ಲೇ ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರು ಕಲಾಭವನವನ್ನು ಸ್ಥಾಪಿಸಿದ್ದರು. 1922ರ ಡಿಸೆಂಬರಿನಲ್ಲಿ ಬೌಹೌಸ್ ಕಲಾವಿದರ ಕೃತಿಗಳು ಕಲ್ಕತ್ತೆಯಲ್ಲಿ ಪ್ರದರ್ಶನಗೊಂಡವು. ಕಲಾಭವನದ ಗುರು ನಂದಲಾಲ ಬೋಸರು ವಿದ್ಯಾರ್ಥಿಗಳನ್ನು ಸುತ್ತಲಿನ ಮರ, ಪ್ರಾಣಿ, ಜನರನ್ನು ನೋಡಿ ಬರೆಯಲು ಕಳಿಸುತ್ತಿದ್ದರು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯ ಬಯಕೆಯಂತೆ ಅವರು ಬರೆದುಕೊಟ್ಟ ಚಿತ್ರಗಳಲ್ಲಿ ಕುಂಬಾರರು, ಬಡಗಿಗಳು, ವಾದ್ಯಗಾರರು, ಮನೆಗೆಲಸದ ಹೆಂಗಸರೇ ನಾಯಕರು.

ಸ್ವಾತಂತ್ರ್ಯದ ನಂತರ ವಿನ್ಯಾಸವನ್ನು ಹೇಗೆ ಕಲಿಸಬೇಕೆಂಬ ಪ್ರಶ್ನೆ ಇನ್ನಷ್ಟು ತುರ್ತಾಯಿತು. ಕಾರ್ಖಾನೆಗಳು ಹೆಚ್ಚಿದಂತೆ ನಿತ್ಯಬಳಕೆಯ ಸರಕಿನ ಗುಣಮಟ್ಟ ಇಳಿಯುತ್ತಿದೆ ಎಂಬ ಚಿಂತೆ ಸರ್ಕಾರವನ್ನು ಕಾಡಿತು. ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರನ್ನು ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಕರೆಸಲಾಯಿತು. ಅವರು ದೇಶವನ್ನು ಸುತ್ತಿ, ಕುಶಲಕರ್ಮಿಗಳು, ಅಧಿಕಾರಿಗಳು, ಶಿಕ್ಷಕರ ಜೊತೆ ಮಾತಾಡಿ 1958ರ ಏಪ್ರಿಲ್‌ನಲ್ಲಿ ‘ಇಂಡಿಯಾ ರಿಪೋರ್ಟ್’ ಸಲ್ಲಿಸಿದರು. ಮೂರನೆಯ ಹಂತದ ಮೂಲ ದಾಖಲೆ ಇದು.

ಭಾರತದಲ್ಲಿ ಕಂಡ ವಸ್ತುಗಳಲ್ಲೆಲ್ಲ ಅತ್ಯಂತ ಮೆಚ್ಚುಗೆಯದೆಂದು ಈಮ್ಸ್ ದಂಪತಿ ಆರಿಸಿದ್ದು ದೇವಾಲಯದ ಶಿಲ್ಪವನ್ನಲ್ಲ, ನೀರಿನ ಚೊಂಬನ್ನು. ಅಂಥದೊಂದು ಚೊಂಬನ್ನು ಹೊಸದಾಗಿ ವಿನ್ಯಾಸ ಮಾಡಬೇಕಾದರೆ ಏನೇನು ಯೋಚಿಸಬೇಕಾದೀತು ಎಂದು ಅವರು ಉದ್ದನೆಯ ಪಟ್ಟಿಯನ್ನೇ ಕೊಟ್ಟರು. ಎಷ್ಟು ನೀರು ಹಿಡಿಯಬೇಕು? ಎತ್ತುವ ಕೈ ಹೆಂಗಸಿನದೋ ಗಂಡಸಿನದೋ, ಎಷ್ಟು ದೊಡ್ಡದು? ತಲೆಯ ಮೇಲೆ ಹೊರುತ್ತಾರೋ, ಸೊಂಟದ ಮೇಲೋ, ಕೈಯಲ್ಲೋ? ತುಂಬಿದಾಗ, ಬರಿದಾದಾಗ ತೂಕ ಎಲ್ಲಿ ನಿಲ್ಲುತ್ತದೆ? ತುಂಬುವಾಗ, ಸುರಿಯುವಾಗ ನೀರು ಹೇಗೆ ಹರಿಯುತ್ತದೆ? ಒಳಗೆ ಕೈ ಹಾಕಿ ತೊಳೆಯಲು ಬರುತ್ತದೆಯೇ? ನೆಲಕ್ಕೆ ಇಟ್ಟಾಗ ಎಂಥ ಸದ್ದು ಬರುತ್ತದೆ? ಬಿಸಿಲಲ್ಲಿ ಹೇಗೆ ಕಾಣುತ್ತದೆ? ಬೆಲೆ ಎಷ್ಟು, ಹಳತಾದ ಮೇಲೆ ಲೋಹಕ್ಕೆ ಎಷ್ಟು ಸಿಕ್ಕೀತು? ಮಾರುವಾಗ, ಇನ್ನೊಬ್ಬರಿಗೆ ಕೊಡುವಾಗ ಮನಸ್ಸಿಗೆ ಹೇಗನಿಸುತ್ತದೆ?

ಈ ಪ್ರಶ್ನೆಗಳಿಗೆಲ್ಲ ಯಾವ ಒಬ್ಬ ಮನುಷ್ಯನೂ ಕೂತು ಉತ್ತರ ಬರೆದಿರಲಿಲ್ಲ. ತಲೆತಲಾಂತರಗಳಲ್ಲಿ ಸಾವಿರಾರು ಜನ ತಮ್ಮ ತಮ್ಮ ಪಾಲಿನ ತಿದ್ದುಪಡಿ ಮಾಡುತ್ತ, ಬೇಡದ್ದನ್ನು ಬಿಡುತ್ತ ಬಂದದ್ದರ ಫಲ ಆ ಆಕಾರ. ಬದಲಾವಣೆಯ ವೇಗ ಹೆಚ್ಚಿರುವ ಕಾಲದಲ್ಲಿ ಅಷ್ಟು ಪೀಳಿಗೆಗಳ ಸಮಯ ಸಿಗದು. ಆದ್ದರಿಂದ ಅದೇ ಎಚ್ಚರ, ಅದೇ ಕಾಳಜಿಯನ್ನು ತರಬೇತಿಯ ಮೂಲಕ ತರುವ ಸಂಸ್ಥೆ ಬೇಕು ಎಂಬುದು ವರದಿಯ ಶಿಫಾರಸು. ಒಳ್ಳೆಯ ಬದುಕಿಗೆ ಏನು ಬೇಕೆಂದು ಭಾರತೀಯರೇ ಭಾವಿಸುತ್ತಾರೆ ಎಂಬುದನ್ನು ಮೊದಲು ಶೋಧಿಸಬೇಕೆಂದೂ ಅದು ಹೇಳಿತು.

ಅದರಂತೆ 1961ರಲ್ಲಿ ಅಹಮದಾಬಾದಿನಲ್ಲಿ ಈಗಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಜನರ ಬಾಯಲ್ಲಿ ಎನ್‌ಐಡಿ, ಹುಟ್ಟಿತು. ಗೌತಮ್ ಸಾರಾಭಾಯಿ ಮತ್ತು ಅವರ ತಂಗಿ ಗೀರಾ ಸಾರಾಭಾಯಿ ಅದನ್ನು ಕಟ್ಟಿ ಬೆಳೆಸಿದರು. ಬೌಹೌಸಿನ ಪೂರ್ವಸಿದ್ಧತಾ ತರಗತಿ ಇಲ್ಲಿ ಬುನಾದಿ ತರಗತಿಯಾಗಿ ಬಂತು. ಅದಕ್ಕೆ ಭಾರತದ ಕೊಡುಗೆಯಾಗಿ ಸೇರಿದ್ದು ಕರಕುಶಲ ದಾಖಲೀಕರಣ. ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ, ಕುಶಲಕರ್ಮಿಗಳ ಜೊತೆಗಿದ್ದು ಉಪಕರಣ, ಕಚ್ಚಾ ವಸ್ತು, ಕೆಲಸದ ಕ್ರಮ, ಮಾರಾಟ ಎಲ್ಲವನ್ನೂ ಬರೆದಿಡಬೇಕು. ಕರ್ನಾಟಕದ ಚನ್ನಪಟ್ಟಣದಂಥ ಊರು ಇಂಥ ಕಲಿಕೆಗೆ ಹೇಳಿ ಮಾಡಿಸಿದ ಜಾಗ. ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ, ಉಜ್ಜಾಟದ ಕಾವಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಎಷ್ಟು ಒತ್ತಬೇಕು, ಯಾವಾಗ ಕೈ ತೆಗೆಯಬೇಕು ಎಂಬುದನ್ನು ಚರಕಿಯ ಮುಂದೆ ನಿಂತೇ ಕಲಿಯಬೇಕು. ಚನ್ನಪಟ್ಟಣದ ಗೊಂಬೆಗಳ ಗುಂಡು ಆಕಾರ ಹುಟ್ಟಿದ್ದೇ ಹೀಗೆ ಮರ ತಿರುಗಿಸಿ ಕಡೆಯುವ ಕೆಲಸದಿಂದ.

ವಿನ್ಯಾಸಕಾರರ ವೈಯಕ್ತಿಕ ತತ್ತ್ವದ ಪ್ರಶ್ನೆ ಬಹಿರಂಗ ಚರ್ಚೆಗೆ ಬಂದದ್ದೂ ಇದೇ ದಶಕಗಳಲ್ಲಿ. ಜರ್ಮನಿಯ ಉಲ್ಮ್ ನಗರದ ವಿನ್ಯಾಸ ಶಾಲೆಯ ಹಿನ್ನೆಲೆಯಲ್ಲೇ ಆ ಪ್ರಶ್ನೆ ಇತ್ತು. ನಾಜಿಗಳನ್ನು ವಿರೋಧಿಸಿ 1943ರಲ್ಲಿ ಪ್ರಾಣ ತೆತ್ತ ಹಾನ್ಸ್ ಮತ್ತು ಸೋಫಿ ಶೋಲ್ ಅವರ ನೆನಪಿಗೆ ಅಕ್ಕ ಇಂಗೆ ಶೋಲ್, ಓಟ್ಲ್ ಐಷರ್, ಮ್ಯಾಕ್ಸ್ ಬಿಲ್ ಜೊತೆಗೂಡಿ ಕಟ್ಟಿದ ಶಾಲೆ ಅದು. 1953ರಿಂದ 1968ರವರೆಗೆ ನಡೆಯಿತು. 1964ರಲ್ಲಿ ಬ್ರಿಟನ್ನಿನ ಕೆನ್ ಗಾರ್ಲೆಂಡ್ ‘ಫಸ್ಟ್ ಥಿಂಗ್ಸ್ ಫಸ್ಟ್’ ಎಂಬ ಘೋಷಣಾಪತ್ರ ಪ್ರಕಟಿಸಿದರು. ಕ್ಷುಲ್ಲಕ ಸರಕಿನ ಜಾಹೀರಾತಿಗೆ ಪ್ರತಿಭೆ ಸವೆಸುವುದನ್ನು ಬಿಟ್ಟು ಪಠ್ಯಪುಸ್ತಕ, ರಸ್ತೆ ಫಲಕಗಳಂಥ ಬೇಕಾದ ಕೆಲಸಕ್ಕೆ ಅದನ್ನು ಬಳಸೋಣ ಎಂಬ ಆ ಕರೆಗೆ ಸಹಿ ಹಾಕಿದ 22 ಮಂದಿಯಲ್ಲಿ ವಿದ್ಯಾರ್ಥಿಗಳೂ ಇದ್ದರು. 1971ರಲ್ಲಿ ಬಂದ ವಿಕ್ಟರ್ ಪಾಪನೆಕ್ ಅವರ ‘ಡಿಸೈನ್ ಫಾರ್ ದ ರಿಯಲ್ ವರ್ಲ್ಡ್’ ಪುಸ್ತಕ ಬಡವರು, ಅಂಗವಿಕಲರು, ಮುದುಕರ ಅಗತ್ಯಗಳನ್ನು ವಿನ್ಯಾಸ ಮರೆತಿದೆ ಎಂದು ಎಚ್ಚರಿಸಿತು.

ಇಲ್ಲಿಂದ ನಾಲ್ಕನೆಯ ಹಂತ. 1975ರಲ್ಲಿ ಅಹಮದಾಬಾದಿನ ಐಐಎಂನ ರವಿ ಮತ್ತಾಯಿ ಅವರ ಮುಂದಾಳುತನದಲ್ಲಿ, ಎನ್‌ಐಡಿಯ ಸಹಭಾಗಿತ್ವದಲ್ಲಿ ರಾಜಸ್ಥಾನದ ಬರಪೀಡಿತ ಜವಾಜಾದಲ್ಲಿ ಒಂದು ಪ್ರಯೋಗ ಶುರುವಾಯಿತು. ನೇಕಾರರು ಮತ್ತು ಚರ್ಮದ ಕೆಲಸಗಾರರ ಕೈಯಲ್ಲಿದ್ದ ಕೌಶಲಕ್ಕೆ ಹೊಂದುವ ಉಣ್ಣೆಯ, ಚರ್ಮದ ವಸ್ತುಗಳನ್ನು ರೂಪಿಸಿ, ಅವರು ಇತರರ ಹಂಗಿಲ್ಲದೆ ತಮ್ಮ ಕಾಲ ಮೇಲೆ ನಿಲ್ಲುವಂತೆ ಮಾಡುವುದು ಗುರಿ. 1979ರಲ್ಲಿ ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಘಟನೆಯ ಸಹಯೋಗದ ಸಮ್ಮೇಳನ ‘ಅಹಮದಾಬಾದ್ ಘೋಷಣೆ’ಯನ್ನು ಹೊರಡಿಸಿತು. ವಿನ್ಯಾಸ ಅಭಿವೃದ್ಧಿಯ ಸಾಧನವಾಗಬೇಕು ಎಂಬುದು ಅದರ ಸಾರ.

ಬಳಸುವವರ ಬದುಕಿನಿಂದ ಹುಟ್ಟಿದ ವಿನ್ಯಾಸಕ್ಕೆ ಭಾರತದಲ್ಲಿ ಎಲ್ಲರೂ ಕಂಡ ಉದಾಹರಣೆ ಮತಯಂತ್ರ. 1969ರಲ್ಲಿ ಮುಂಬಯಿ ಐಐಟಿಯಲ್ಲಿ ಆರಂಭವಾದ ಕೈಗಾರಿಕಾ ವಿನ್ಯಾಸ ಕೇಂದ್ರದ ಪ್ರಾಧ್ಯಾಪಕರಾದ ಎ. ಜಿ. ರಾವ್ ಮತ್ತು ರವಿ ಪೂವಯ್ಯ ಅದರ ರೂಪ ವಿನ್ಯಾಸದಲ್ಲಿ ಕೈಜೋಡಿಸಿದರು. ಯಂತ್ರವನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಬೆಂಗಳೂರಿನ ಬಿಇಎಲ್ ಒಂದು. ಹೆಸರಿನ ಪಕ್ಕದಲ್ಲಿ ಚಿಹ್ನೆ, ಅದರ ಎದುರಿಗೇ ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ, ಜೊತೆಗೆ ಬೀಪ್ ಸದ್ದು. ವಿದ್ಯುತ್ ಇಲ್ಲದ ಊರಿನಲ್ಲೂ ಬ್ಯಾಟರಿಯಿಂದ ನಡೆಯುತ್ತದೆ. ಓದು ಬಾರದ ಮತದಾರರೂ ಯಾರ ಸಹಾಯವೂ ಇಲ್ಲದೆ ತಮ್ಮ ಹಕ್ಕು ಚಲಾಯಿಸಬಹುದು.

ಈ ನಡುವೆ ವಿನ್ಯಾಸ ಶಾಲೆಗಳೂ ಹೆಚ್ಚಿದವು. 1996ರಲ್ಲಿ ಬೆಂಗಳೂರಿನಲ್ಲಿ ಸೃಷ್ಟಿ ವಿನ್ಯಾಸ ಶಾಲೆ ಆರಂಭವಾಯಿತು, 2006ರಲ್ಲಿ ಎನ್‌ಐಡಿಯ ಬೆಂಗಳೂರು ಆವರಣ ತೆರೆಯಿತು. 2014ರ ಕಾಯ್ದೆ ಎನ್‌ಐಡಿಗೆ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ನೀಡಿತು. ಈಗಿನ ವಿದ್ಯಾರ್ಥಿಯ ಮುಂದೆ ಪರದೆಯ ಮೇಲೆ ಲೆಕ್ಕವಿಲ್ಲದಷ್ಟು ಸಿದ್ಧ ಚಿತ್ರಗಳಿವೆ. ಅವುಗಳನ್ನೇ ಹಿಂಬಾಲಿಸಿದರೆ ಆತ ಮತ್ತೆ ನಕಲಿನ ಮೊದಲ ಹಂತಕ್ಕೇ ಜಾರುತ್ತಾನೆ. ವಿನ್ಯಾಸ ಶಿಕ್ಷಣದ ಚರಿತ್ರೆ ತೋರಿಸಿಕೊಡುವುದು ಬೇರೆ ದಾರಿಯನ್ನು. ವಸ್ತುವನ್ನೂ ಅದನ್ನು ಬಳಸುವವರನ್ನೂ ತಾಳ್ಮೆಯಿಂದ ಗಮನಿಸುವ ರೂಢಿಯಿಂದ ಸ್ಫೂರ್ತಿ ಬರುತ್ತದೆ, ಈ ಕೆಲಸ ಯಾರಿಗಾಗಿ ಎಂದು ಕೇಳಿಕೊಳ್ಳುವುದರಿಂದ ತತ್ತ್ವ ಮೂಡುತ್ತದೆ. ಇವೆರಡನ್ನೂ ಬೇರ್ಪಡಿಸಿ ಕಲಿಸಲು ಬಾರದು.