ಗಾದಿಯೂ ಪಿಂಜಾರರೂ

‘ಗಾದಿ’ ಎಂದರೆ ಹತ್ತಿ ತುಂಬಿದ ಹಾಸು. ಅರಸರ ಪಟ್ಟವೂ ಹೌದು. ತೇರದಾಳದವರು ಈ ಎರಡು ಅರ್ಥಗಳನ್ನೂ ಬಲ್ಲರು. 1948ರಲ್ಲಿ ವಿಲೀನವಾಗುವವರೆಗೆ ಆ ಊರು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಅರಸರು ಏರುವುದೂ ಗಾದಿಯನ್ನೇ. ಪೇಟೆಯ ಸಾಹುಕಾರರು ಲೋಡಿಗೆ ಒರಗಿ ಲೆಕ್ಕ ಬರೆಯುವುದೂ ಗಾದಿಯ ಮೇಲೆಯೇ.

ಆ ಮೆತ್ತೆಯನ್ನು ಸಿದ್ಧಮಾಡಿದವರು ಯಾರು? ಪಿಂಜಾರರು. ಅವರಿಗೆ ನದಾಫರೆಂಬ ಹೆಸರೂ ಉಂಟು. ಅದರ ಅರಬ್ಬೀ ಮೂಲಕ್ಕೆ ಹತ್ತಿ ಹಿಂಜುವವನೆಂದೇ ಅರ್ಥ. ದೊಡ್ಡದೊಂದು ಬಿಲ್ಲು, ಅದಕ್ಕೆ ನರದ ಹೆದೆ, ಹೆದೆಯನ್ನು ಮೀಟಲು ಮರದ ಕೊಡತಿ—ಇಷ್ಟೇ ಅವರ ಸಾಮಾನು. ಹೆದೆ ಅದುರಿದಂತೆ ಹತ್ತಿಯ ಎಳೆಗಳು ಬಿಡಿಸಿಕೊಂಡು ನಡುವೆ ಗಾಳಿ ತುಂಬುತ್ತದೆ. ಮೆತ್ತನೆಯ ಗುಟ್ಟು ಈ ಗಾಳಿಯಲ್ಲಿದೆ. ಕುಳಿತು ಕುಳಿತು ಗಾದಿ ಗಂಟುಗಟ್ಟಿದರೆ ಗವಸಣಿಗೆ ಬಿಚ್ಚಿ, ಅದೇ ಹತ್ತಿಯನ್ನು ಮತ್ತೆ ಹಿಂಜಿ ತುಂಬಿ, ಅರಳೆ ಜರುಗದಂತೆ ದಬ್ಬಣದಿಂದ ಅಲ್ಲಲ್ಲಿ ಹೊಲಿದರಾಯಿತು. ಹಳೆಯದೇ ಹೊಸದು!

ಕುರ್ಚಿ ಸೋಫಾಗಳು ಬಂದಾಗಲೂ ಮೊದಮೊದಲು ಹತ್ತಿ, ತೆಂಗಿನ ನಾರುಗಳೇ ಅವುಗಳ ಒಡಲು ತುಂಬಿದವು. 1937ರಲ್ಲಿ ಜರ್ಮನಿಯ ಆಟೋ ಬಾಯರ್ ಪಾಲಿಯುರಿಥೇನನ್ನು ಕಂಡುಹಿಡಿದರು. ಅದರಿಂದಾದ ಫೋಮು ಇಂದು ಮನೆಮನೆಯ ಸೋಫಾದಲ್ಲಿದೆ. ಅದು ಕುಸಿದರೆ ಹಿಂಜಲು ಬಾರದು. ಉಳಿದ ಹತ್ತಿಯನ್ನು ಹಿಂಜಲೂ ಯಂತ್ರ ಬಂದಿದೆ. ಬಿಲ್ಲಿನ ಸದ್ದು ಬೀದಿಗಳಲ್ಲಿ ಅಪರೂಪವಾಯಿತು.

ತೇರದಾಳದ ಬಸದಿಯನ್ನು ಕಟ್ಟಿಸಿದ ಗೊಂಕನ ಹೆಸರು 12ನೆಯ ಶತಮಾನದ ಶಾಸನದಲ್ಲಿ ಉಳಿದಿದೆ. ಗಾದಿ ಹೊಲಿದವರ ಹೆಸರನ್ನು ಯಾವ ಕಲ್ಲೂ ಹೇಳದು. ತಮ್ಮ ಮನೆಯ ಅಟ್ಟದಲ್ಲಿ ಹಳೆಯ ಗಾದಿಯಿದ್ದರೆ ಬಿಸಾಡುವ ಮುನ್ನ ಅದರ ಹೊಲಿಗೆಯನ್ನೊಮ್ಮೆ ನೋಡಿರಿ. ಅವರ ಚರಿತ್ರೆ ಉಳಿದಿರುವುದು ಅಲ್ಲಿಯೇ.