ಆಟ ಕಟ್ಟಿದವರ ಹೆಸರು



ರೇಡಿಯೊದಲ್ಲಿ ಒಂದು ಚಿತ್ರಗೀತೆ ಹಾಕುವ ಮುನ್ನ ಚಿತ್ರ ಯಾವುದು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಹೇಳುವುದು ಹಳೆಯ ರೂಢಿ. ಕೇಳಿ ಕೇಳಿ ನಿಮಗೂ ಆ ಹೆಸರುಗಳು ಬಾಯಿಪಾಠವಾಗಿರುತ್ತವೆ. ಆದರೆ ನಿಮ್ಮ ಮನೆಯ ಮಕ್ಕಳು ರಜೆಯಲ್ಲಿ ಊಟ ಬಿಟ್ಟು ಆಡುತ್ತಾರಲ್ಲ, ಆ ವಿಡಿಯೊ ಗೇಮ್ ಮಾಡಿದವರು ಯಾರೆಂದು ಕೇಳಿ ನೋಡಿ. ಕಂಪೆನಿಯ ಹೆಸರು ಥಟ್ಟನೆ ಬರುತ್ತದೆ, ಮನುಷ್ಯರ ಹೆಸರು ಬರುವುದು ಅಪರೂಪ.

ಐದು ಸಾವಿರ ರೂಪಾಯಿ ಕೊಟ್ಟು ತಂದ ಗೇಮ್ ಎರಡೇ ದಿನಕ್ಕೆ ಬೇಸರವಾಯಿತು, ಹಳೆಯದನ್ನೇ ಬಣ್ಣ ಬಳಿದು ಕೊಟ್ಟಿದ್ದಾರೆ, ಒಳಗೆ ಹೋದರೆ ಮತ್ತೆ ದುಡ್ಡು ಕೇಳುತ್ತದೆ ಎಂದು ಅದೇ ಮಕ್ಕಳು ಗೊಣಗುವುದನ್ನೂ ನೀವು ಕೇಳಿರಬಹುದು. ದೊಡ್ಡ ಬಂಡವಾಳದ ಗೇಮ್ ಉದ್ಯಮದ ಬಗ್ಗೆ ಇಂಥ ಬೇಸರ ಈಗ ಲೋಕದ ತುಂಬ ಇದೆ. ಆದರೆ ಆಡುವವರಿಗಿಂತ ಬಹಳ ಮೊದಲೇ ಬೇಸತ್ತವರು ಆಟ ಕಟ್ಟಿದವರು. ಅವರ ಕತೆ ಸುಮಾರು ಅರ್ಧ ಶತಮಾನದಷ್ಟು ಹಳೆಯದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1972ರಲ್ಲಿ ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ ‘ಅಟಾರಿ’ ಕಂಪೆನಿ ಶುರು ಮಾಡಿದರು. 1976ರಲ್ಲಿ ಸಿನಿಮಾ, ಸಂಗೀತ ವ್ಯಾಪಾರದ ವಾರ್ನರ್ ಸಂಸ್ಥೆ ಅದನ್ನು ಸುಮಾರು 2.8 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷ ಟಿ.ವಿ.ಗೆ ಜೋಡಿಸಿ ಆಡುವ ಯಂತ್ರ ಬಂತು. ಆಗ ಒಂದು ಆಟವೆಂದರೆ ಸಾಮಾನ್ಯವಾಗಿ ಒಬ್ಬನೇ ಮನುಷ್ಯನ ಕೆಲಸ. ಕಲ್ಪನೆ, ಚಿತ್ರ, ಸದ್ದು, ಪ್ರೋಗ್ರಾಂ ಎಲ್ಲವೂ ಅವನದೇ. ಅಷ್ಟನ್ನೂ ನಾಲ್ಕು ಕಿಲೋಬೈಟ್ ಜಾಗದಲ್ಲಿ ತುರುಕಬೇಕಿತ್ತು. ಇವತ್ತು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೊಗೇ ಅದರ ನೂರಾರು ಪಟ್ಟು ಜಾಗ ಬೇಕು!

ವಾರ್ನರ್ ತನ್ನ ಗ್ರಾಮಫೋನ್ ತಟ್ಟೆಗಳ ಮೇಲೆ ಹಾಡುಗಾರರ ಹೆಸರನ್ನು ದೊಡ್ಡದಾಗಿ ಅಚ್ಚು ಹಾಕುತ್ತಿತ್ತು. ಆಟದ ಡಬ್ಬಿಯ ಮೇಲೆ ಮಾತ್ರ ಕಂಪೆನಿಯ ಹೆಸರೊಂದೇ. ಹೆಸರು ಹೊರಬಿದ್ದರೆ ಬೇರೆ ಕಂಪೆನಿಯವರು ಇವರನ್ನು ಸೆಳೆದುಕೊಂಡಾರು ಎಂಬ ಭಯ. ವಾರೆನ್ ರಾಬಿನೆಟ್ ಎಂಬ ಪ್ರೋಗ್ರಾಮರ್ ಇದಕ್ಕೆ ಒಂದು ಉಪಾಯ ಹೂಡಿದ. ತನ್ನ ‘ಅಡ್ವೆಂಚರ್’ ಆಟದಲ್ಲಿ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆ ಕಟ್ಟಿ, ಒಳಗೆ ಇದನ್ನು ಮಾಡಿದವನು ತಾನು ಎಂದು ಬರೆದು, ಕೆಲಸ ಬಿಟ್ಟು ಹೋದ. ಸಾಲ್ಟ್ ಲೇಕ್ ಸಿಟಿಯ ಹುಡುಗನೊಬ್ಬ ಆ ಕೋಣೆ ಹುಡುಕಿ ಕಾಗದ ಬರೆದ ಮೇಲೆಯೇ ಕಂಪೆನಿಗೆ ವಿಷಯ ತಿಳಿದದ್ದು. ಚಿಪ್‌ಗೆ ಹೊಸ ಅಚ್ಚು ಮಾಡಿಸುವುದು ದುಬಾರಿ ಎಂದು ಹೆಸರನ್ನು ಹಾಗೆಯೇ ಉಳಿಸಿದರು. ಆಟದೊಳಗಿನ ಇಂಥ ಗುಟ್ಟುಗಳನ್ನು ‘ಈಸ್ಟರ್ ಎಗ್’ ಎಂದು ಕರೆಯುವ ರೂಢಿ ಅಲ್ಲಿಂದಲೇ ಬಂತು. ಇಂದು ಅದೊಂದು ತಮಾಷೆ. ಅಂದು ಅದು ಒಬ್ಬ ಕೆಲಸಗಾರನ ಪ್ರತಿಭಟನೆ.

ಇನ್ನು ನಾಲ್ವರು ಬಹಿರಂಗವಾಗಿಯೇ ಎದ್ದು ನಿಂತರು. ಡೇವಿಡ್ ಕ್ರೇನ್, ಆಲನ್ ಮಿಲ್ಲರ್, ಬಾಬ್ ವೈಟ್‌ಹೆಡ್ ಮತ್ತು ಲ್ಯಾರಿ ಕ್ಯಾಪ್ಲಾನ್. ಯಾವ ಆಟ ಎಷ್ಟು ಮಾರಾಟವಾಗಿದೆ ಎಂಬ ಪಟ್ಟಿಯೊಂದನ್ನು ಕಂಪೆನಿ ತಾನೇ ಹಂಚಿತ್ತು. ಲೆಕ್ಕ ಹಾಕಿದರೆ ಅರ್ಧಕ್ಕಿಂತ ಹೆಚ್ಚು ವರಮಾನ ಈ ನಾಲ್ವರ ಆಟಗಳಿಂದಲೇ! ಅವರು ಹೆಸರು ಮತ್ತು ಲಾಭದಲ್ಲಿ ಪಾಲು ಕೇಳಲು ಮುಖ್ಯಸ್ಥ ರೇ ಕಸ್ಸರ್ ಬಳಿಗೆ ಹೋದರು. ಕಸ್ಸರ್ ಬಂದದ್ದು ಬಟ್ಟೆ ಗಿರಣಿಗಳ ಉದ್ಯಮದಿಂದ. ಜೋಡಣೆ ಸಾಲಿನಲ್ಲಿ ನಿಂತು ಪೆಟ್ಟಿಗೆ ಜೋಡಿಸುವವನಿಗಿಂತ ನೀವೇನೂ ಹೆಚ್ಚಲ್ಲ ಎಂಬರ್ಥದ ಉತ್ತರ ಸಿಕ್ಕಿತೆಂದು ಕ್ರೇನ್ ಮುಂದೆ ಹೇಳಿಕೊಂಡಿದ್ದಾರೆ. 1979ರಲ್ಲಿ ಅವರು ಹೊರಬಂದು, ಸಂಗೀತ ಉದ್ಯಮದ ಅನುಭವವಿದ್ದ ಜಿಮ್ ಲೆವಿ ಜೊತೆ ‘ಆಕ್ಟಿವಿಷನ್’ ಕಟ್ಟಿದರು. ಡಬ್ಬಿಯ ಮೇಲೆ ಆಟ ಮಾಡಿದವರ ಹೆಸರು, ಒಳಗಿನ ಪುಸ್ತಿಕೆಯಲ್ಲಿ ಅವರ ಫೋಟೊ. ಈ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಟಾರಿಯ ದುಡ್ಡಿನ ಅಮಲು ಇಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. 1982ರಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್ ಅವರ ‘ಇ.ಟಿ.’ ಚಿತ್ರ ಗೆದ್ದಾಗ, ಅದರ ಹೆಸರಿನಲ್ಲಿ ಆಟ ಮಾಡುವ ಹಕ್ಕಿಗೆ ಎರಡು ಕೋಟಿ ಡಾಲರಿಗೂ ಹೆಚ್ಚು ಸುರಿಯಲಾಯಿತೆಂದು ವರದಿಯಾಯಿತು. ಆಟ ಬರೆಯಲು ಹೊವರ್ಡ್ ಸ್ಕಾಟ್ ವಾರ್ಷಾಗೆ ಸಿಕ್ಕಿದ್ದು ಐದೇ ವಾರ. ಕ್ರಿಸ್‌ಮಸ್ ವ್ಯಾಪಾರ ತಪ್ಪಬಾರದಲ್ಲ! ನಾವು ‘ಗೇಮ್ ಕ್ಯಾಸೆಟ್’ ಎನ್ನುತ್ತಿದ್ದ ಕಾರ್ಟ್ರಿಜ್‌ಗಳನ್ನು ಸುಮಾರು 40 ಲಕ್ಷ ಮಾಡಿಸಿದರು. ಬಹುಪಾಲು ಮಾರಾಟವಾಗದೆ ಉಳಿದವು. ಕಸದಂಥ ಆಟಗಳನ್ನು ರಾಶಿ ಹಾಕಿದ ಇತರ ಕಂಪೆನಿಗಳೂ ಈ ಪತನಕ್ಕೆ ಕೈಜೋಡಿಸಿದ್ದವು. 1983ರ ಸೆಪ್ಟೆಂಬರ್‌ನಲ್ಲಿ ಅಟಾರಿ ತನ್ನ ಮಾರಾಟವಾಗದ ಸರಕನ್ನು ಲಾರಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತಿತು. 2014ರಲ್ಲಿ ಅಗೆದು ತೆಗೆದಾಗ ‘ಇ.ಟಿ.’ ಕ್ಯಾಸೆಟ್‌ಗಳು ಅಲ್ಲೇ ಇದ್ದವು. ದಶಕಗಳ ಕಾಲ ಜಗತ್ತಿನ ಅತಿ ಕೆಟ್ಟ ಆಟವೆಂಬ ಅಪಖ್ಯಾತಿ ಹೊತ್ತವನು ವಾರ್ಷಾ. ಐದು ವಾರದ ಗಡುವು ಹಾಕಿದವರ ಹೆಸರು ಎಷ್ಟು ಜನಕ್ಕೆ ನೆನಪಿದೆ?

ಅದೇ 1982ರಲ್ಲಿ ಟ್ರಿಪ್ ಹಾಕಿನ್ಸ್ ‘ಎಲೆಕ್ಟ್ರಾನಿಕ್ ಆರ್ಟ್ಸ್’ ಆರಂಭಿಸಿದರು. ಹೆಸರಿನಲ್ಲೇ ಕಲೆ. ಆಟ ಮಾಡಿದವರನ್ನು ಸಿನಿಮಾ ತಾರೆಯರಂತೆ ನಿಲ್ಲಿಸಿ ಜಾಹೀರಾತಿಗೆ ಫೋಟೊ ತೆಗೆಸಿದ ಕಂಪೆನಿ ಅದು. ಇಪ್ಪತ್ತೆರಡು ವರ್ಷಗಳ ಬಳಿಕ, 2004ರ ನವೆಂಬರ್‌ನಲ್ಲಿ, ಅದೇ ಕಂಪೆನಿಯ ನೌಕರನೊಬ್ಬನ ಬಾಳಸಂಗಾತಿ ಹೆಸರು ಹಾಕದೆ ಒಂದು ಬಹಿರಂಗ ಪತ್ರ ಬರೆದರು. ವಾರದ ಏಳೂ ದಿನ, ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹತ್ತರವರೆಗೆ ದುಡಿತ, ಓವರ್‌ಟೈಮ್ ಕಾಸಿಲ್ಲ. ಅವರ ದೂರು ಇದು. ಈ ಉದ್ಯಮದಲ್ಲಿ ಇದಕ್ಕೆ ‘ಕ್ರಂಚ್’ ಎನ್ನುತ್ತಾರೆ. ಮುಂದೆ ನೌಕರರ ಮೊಕದ್ದಮೆಗಳಲ್ಲಿ ಕಂಪೆನಿ ಎರಡು ಒಪ್ಪಂದಗಳಿಗೆ ಬಂದು ಒಟ್ಟು ಸುಮಾರು ಮೂರು ಕೋಟಿ ಡಾಲರ್ ಕೊಟ್ಟಿತು.

ಇಷ್ಟೊಂದು ಒತ್ತಡ ಯಾಕೆ? ಬಂಡವಾಳದ ಗಾತ್ರ ನೋಡಿದರೆ ಅರ್ಥವಾಗುತ್ತದೆ. 2023ರಲ್ಲಿ ಅಮೆರಿಕದ ಕೋರ್ಟಿಗೆ ಸೋನಿ ಸಲ್ಲಿಸಿದ ಕಾಗದಗಳಲ್ಲಿ ಕೆಲವು ಅಂಕಿಗಳ ಮೇಲೆ ಕಪ್ಪು ಮಸಿ ಬಳಿದಿದ್ದರು. ಮಸಿ ತೆಳುವಾಗಿತ್ತು, ಅಂಕಿ ಕಂಡುಬಿಟ್ಟಿತು. ‘ದಿ ಲಾಸ್ಟ್ ಆಫ್ ಅಸ್’ ಎರಡನೇ ಭಾಗಕ್ಕೆ ತಗುಲಿದ್ದು 22 ಕೋಟಿ ಡಾಲರ್. ‘ಕಾಲ್ ಆಫ್ ಡ್ಯೂಟಿ’ ಸರಣಿಯ 2020ರ ಆಟವೊಂದಕ್ಕೆ 70 ಕೋಟಿ ಡಾಲರಿಗೂ ಹೆಚ್ಚು ಹಿಡಿಯಿತೆಂದು ಇನ್ನೊಂದು ಕೋರ್ಟ್ ದಾಖಲೆಯಿಂದ ಬಯಲಾಯಿತು. ಅಷ್ಟು ಹಣ ಹೂಡಿದವನಿಗೆ ಹೊಸ ಪ್ರಯೋಗವೆಂದರೆ ಎದೆ ನಡುಕ. ಆದ್ದರಿಂದ ಗೆದ್ದ ಆಟಕ್ಕೇ ಎರಡನೇ ಭಾಗ, ಮೂರನೇ ಭಾಗ. ಸಾಲದ್ದಕ್ಕೆ ಒಳಗೆ ಲಾಟರಿ ಚೀಟಿಯಂಥ ‘ಲೂಟ್ ಬಾಕ್ಸ್’. 2017ರಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಬಂದಾಗ ಆಟಗಾರರು ಇದರ ವಿರುದ್ಧ ಸಿಡಿದೆದ್ದರು. 2018ರಲ್ಲಿ ಬೆಲ್ಜಿಯಂ ಹಲವು ಆಟಗಳ ಲೂಟ್ ಬಾಕ್ಸ್‌ಗಳನ್ನು ಕಾನೂನುಬಾಹಿರ ಜೂಜೆಂದೇ ಘೋಷಿಸಿತು. ಗಡುವಿಗೆ ಕಟ್ಟುಬಿದ್ದು ಹೊರತಂದ ‘ಸೈಬರ್‌ಪಂಕ್ 2077’ ಎಷ್ಟು ಹದಗೆಟ್ಟಿತ್ತೆಂದರೆ, 2020ರ ಡಿಸೆಂಬರ್‌ನಲ್ಲಿ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿತು. ಮತ್ತೆ ಬರಲು ಆರು ತಿಂಗಳು ಹಿಡಿಯಿತು. ಸೋನಿಯದೇ ‘ಕಾಂಕಾರ್ಡ್’ 2024ರ ಆಗಸ್ಟ್‌ನಲ್ಲಿ ಬಂದು ಎರಡೇ ವಾರಕ್ಕೆ ಬಾಗಿಲು ಹಾಕಿತು, ಅದನ್ನು ಮಾಡಿದ ಸ್ಟುಡಿಯೊ ಕೂಡ ಮುಚ್ಚಿಹೋಯಿತು.

ಇನ್ನು ಆ ಆಕ್ಟಿವಿಷನ್? ಹಲವು ಕೈ ಬದಲಿಸಿ, ಬ್ಲಿಝರ್ಡ್ ಜೊತೆ ಸೇರಿ ದೈತ್ಯವಾಗಿ ಬೆಳೆಯಿತು. 2021ರಲ್ಲಿ ಮಹಿಳಾ ನೌಕರರ ಬಗೆಗಿನ ತಾರತಮ್ಯದ ಆರೋಪದ ಮೇಲೆ ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆಯೇ ಅದರ ವಿರುದ್ಧ ಮೊಕದ್ದಮೆ ಹೂಡಿತು. 2023ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು ಸುಮಾರು 6,900 ಕೋಟಿ ಡಾಲರಿಗೆ ಕೊಂಡಿತು. ಮೂರು ತಿಂಗಳಿಗೆ ಮೈಕ್ರೋಸಾಫ್ಟ್ ಗೇಮ್ ವಿಭಾಗದಲ್ಲಿ 1,900 ಜನರ ಕೆಲಸ ಹೋಯಿತು. ಮನುಷ್ಯರ ಹೆಸರು ಉಳಿಯಲೆಂದು ಕಟ್ಟಿದ ಕಂಪೆನಿಯಲ್ಲಿ ಕೊನೆಗೆ ಮನುಷ್ಯರು ತಲೆ ಎಣಿಕೆಯ ಸಂಖ್ಯೆಯಾದರು.

ಇದು ದೂರದ ಕತೆಯೆಂದುಕೊಳ್ಳಬೇಡಿ. ದೊಡ್ಡ ಆಟಗಳ ಮರ, ಮನೆ, ಕಾರುಗಳನ್ನು ಬಿಡಿಸುವ ಕೆಲಸ ನಮ್ಮ ಊರುಗಳಲ್ಲೂ ನಡೆಯುತ್ತದೆ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಸ್ಥಾಪಿಸಿದ ‘ಧ್ರುವ ಇಂಟರಾಕ್ಟಿವ್’ ಭಾರತದ ಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದು. ವಿದೇಶಿ ಆಟಗಳಿಗೆ ವರ್ಷಗಟ್ಟಲೆ ಚಿತ್ರ ಬಿಡಿಸಿಕೊಟ್ಟ ಅದನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡಿತು. ಅದಕ್ಕೂ ಮೊದಲೇ ರಾಕ್‌ಸ್ಟಾರ್‌ನ ಬೆಂಗಳೂರು ತಂಡ 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ಕ್ಕೆ ದುಡಿದಿತ್ತು. ಆ ಆಟ ಬಂದಾಗ ಒಂದು ಮಾತು ಹೊರಬಿತ್ತು. ಕೆಲಸ ಮುಗಿಯುವ ಮುನ್ನ ಬಿಟ್ಟುಹೋದವರ ಹೆಸರು ಆಟದ ಪಟ್ಟಿಯಲ್ಲಿ ಹಾಕುವುದಿಲ್ಲ ಎಂಬುದು ಕಂಪೆನಿಯ ನಿಯಮ! ಟೀಕೆ ಎದ್ದ ಮೇಲೆ ಅಂಥವರ ಹೆಸರನ್ನು ಕಂಪೆನಿಯ ಜಾಲತಾಣದಲ್ಲಿ ಕೃತಜ್ಞತೆ ಎಂದು ಹಾಕಿದರು. ಪುಣೆ, ಮುಂಬಯಿಯ ಯೂಬಿಸಾಫ್ಟ್ ತಂಡಗಳಿಗೆ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟವೊಂದನ್ನು ಹೊಸದಾಗಿ ಕಟ್ಟುವ ಹೊಣೆ ಸಿಕ್ಕಿದ್ದು 2020ರಲ್ಲಿ ಪ್ರಕಟವಾದಾಗ ಇಲ್ಲಿಯವರಿಗೆ ಹೆಮ್ಮೆಯೋ ಹೆಮ್ಮೆ. 2022ರಲ್ಲಿ ಆ ಕೆಲಸ ಕೆನಡಾದ ಮಾಂಟ್ರಿಯಲ್‌ಗೆ ವರ್ಗವಾಯಿತು.

ಬೇಸತ್ತವರು ಏನು ಮಾಡುತ್ತಾರೆ? ಕೆಲವರು 1979ರ ನಾಲ್ವರಂತೆ ಹೊರನಡೆಯುತ್ತಾರೆ. ಯೂಬಿಸಾಫ್ಟ್ ಬಿಟ್ಟ ಗಿಯೋಮ್ ಬ್ರೋಶ್ ಫ್ರಾನ್ಸಿನಲ್ಲಿ ಸುಮಾರು 30 ಜನರ ತಂಡ ಕಟ್ಟಿ, ಹೊರಗಿನವರ ನೆರವೂ ಪಡೆದು ಮಾಡಿದ ‘ಕ್ಲೇರ್ ಆಬ್ಸ್‌ಕ್ಯೂರ್’ 2025ರಲ್ಲಿ ವರ್ಷದ ಆಟವೆಂಬ ದೊಡ್ಡ ಪ್ರಶಸ್ತಿ ಗೆದ್ದಿತು. ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಮಿಗಿಲಾಗಿ ಒಬ್ಬನೇ ಕೂತು ಬರೆದು 2016ರಲ್ಲಿ ಹೊರತಂದ, ಹೊಲಮನೆಯ ಆಟ ‘ಸ್ಟಾರ್‌ಡ್ಯೂ ವ್ಯಾಲಿ’ ಕೋಟಿಗಟ್ಟಲೆ ಪ್ರತಿ ಮಾರಾಟವಾಗಿದೆ. ಪುಣೆಯ ಪುಟ್ಟ ತಂಡವೊಂದು ನಮ್ಮ ಪುರಾಣಗಳ ಎಳೆ ಹಿಡಿದು 2020ರಲ್ಲಿ ‘ರಾಜಿ’ ಆಟ ತಂದಿತು. ಆದರೆ ಮನೆ ಬಾಡಿಗೆ, ಮಕ್ಕಳ ಫೀಸು ಇರುವ ಎಲ್ಲರೂ ಹೀಗೆ ಎದ್ದು ಬರಲಾಗುವುದಿಲ್ಲ. ಹೊರಬಂದವರೆಲ್ಲ ಗೆಲ್ಲುವುದೂ ಇಲ್ಲ. ಆಕ್ಟಿವಿಷನ್‌ಗೇ ಸೇರಿದ ರೇವನ್ ಸ್ಟುಡಿಯೊದ ಪರೀಕ್ಷಕರು ಬೇರೆ ದಾರಿ ಹಿಡಿದರು. ಅಲ್ಲೇ ಇದ್ದು, 2022ರಲ್ಲಿ 19-3 ಮತಗಳಿಂದ ಸಂಘ ಕಟ್ಟಿಕೊಂಡರು. ನಮ್ಮ ಐ.ಟಿ. ಕೇಳುಗರಿಗೆ ಈ ಎರಡನೆಯ ದಾರಿಯೂ ಯೋಚಿಸತಕ್ಕದ್ದೇ.

ಆಡುವ ಮನೆಯವರು ಮಾಡಬಹುದಾದ ಸಣ್ಣ ಕೆಲಸ ಒಂದಿದೆ. ಆಟ ಮುಗಿದ ಮೇಲೆ ಪರದೆಯ ಮೇಲೆ ಹೆಸರುಗಳ ಉದ್ದ ಪಟ್ಟಿ ಉರುಳುತ್ತದೆ. ಬಟನ್ ಒತ್ತಿ ದಾಟಿಸಬೇಡಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ನಡುವೆ ಎಲ್ಲೋ ಒಬ್ಬ ಹೆಗಡೆ, ಒಬ್ಬ ಪಾಟೀಲ, ಒಬ್ಬ ಗೌಡ ಕಂಡರೂ ಕಂಡಾರು. ನಿಮ್ಮಲ್ಲೇ ಯಾರಾದರೂ ಈ ಕೆಲಸದಲ್ಲಿದ್ದರೆ ನಮಗೊಂದು ಕಾಗದ ಬರೆಯಿರಿ. ಕಂಪೆನಿಯ ಗುಟ್ಟು ಬೇಡ. ನಿಮ್ಮ ಹೆಸರು, ನಿಮಗೆ ಇಷ್ಟವಾದ ಹಾಡು ಇಷ್ಟು ಸಾಕು. ಹೆಸರು ಹೇಳಿಯೇ ಹಾಡು ಹಾಕುತ್ತೇವೆ.