ವ್ಯಸನದಿಂದ ಹೊರಬರುತ್ತಿರುವ ತಾಯಿಯ ಸಮಾಜಕಾರ್ಯ ಪರಿಶೀಲನೆ: ಆಳಂದ, ಅಫಜಲಪುರ, ಜೇವರ್ಗಿ

ಮದ್ಯ, ಸೇಂದಿ, ಗಾಂಜಾ ಇಲ್ಲವೇ ನಿದ್ದೆಗುಳಿಗೆಯ ಚಟಕ್ಕೆ ಸಿಕ್ಕಿ, ಚಿಕಿತ್ಸೆ ಪಡೆದು ಚೇತರಿಸಿಕೊಳ್ಳುತ್ತಿರುವ ಹರೆಯದ ತಾಯಿಯ ಮನೆ, ದುಡಿಮೆ, ನಂಟಸ್ತಿಕೆ ಹಾಗೂ ಮಗುವಿನ ಪಾಲನೆಯ ಸ್ಥಿತಿಯನ್ನು ತರಬೇತಾದ ಸಮಾಜಕಾರ್ಯಕರ್ತರು ವಿಚಾರಿಸಿ, ಬರೆದು, ಮುಂದಿನ ನೆರವಿನ ದಾರಿ ಸೂಚಿಸುವ ಕ್ರಮ. ಅಮೆರಿಕದ ಮೇರಿ ರಿಚ್ಮಂಡ್ 1917ರಲ್ಲಿ ಪ್ರಕಟಿಸಿದ ‘ಸೋಷಿಯಲ್ ಡಯಾಗ್ನೋಸಿಸ್’ ಗ್ರಂಥ ಈ ಬಗೆಯ ವಿಚಾರಣೆಗೆ ಶಾಸ್ತ್ರದ ರೂಪ ಕೊಟ್ಟಿತು. ಭಾರತದಲ್ಲಿ ಆಸ್ಪತ್ರೆಯ ಮನೋವೈದ್ಯಕೀಯ ಸಮಾಜಕಾರ್ಯವನ್ನು ಬೆಳೆಸಿದ ಪ್ರಮುಖ ಸಂಸ್ಥೆಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಈ ಕೆಲಸಕ್ಕೆ ಅಲ್ಲಿನ ಗುಳೆ, ಸೋದರಿಕೆಯ ಮದುವೆ ಮತ್ತು ದೇವಸ್ಥಾನ-ದರ್ಗಾಗಳ ನಂಬಿಕೆಯಿಂದಾಗಿ ಬೇರೆಯದೇ ಸ್ವರೂಪವಿದೆ.

ಹಿನ್ನೆಲೆ

ಆಳಂದ ಮತ್ತು ಅಫಜಲಪುರ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಗೆ ತಾಗಿಕೊಂಡಿವೆ. ಜೇವರ್ಗಿ ಭೀಮೆಯ ದಕ್ಷಿಣ ದಂಡೆಯ ಸೀಮೆ. ತೊಗರಿ, ಜೋಳ, ನೀರಿರುವ ಕಡೆ ಕಬ್ಬು ಇಲ್ಲಿನ ಬೆಳೆ. ಮಳೆ ಕೈಕೊಟ್ಟರೆ ಪುಣೆ, ಮುಂಬೈ, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಮನೆಮಂದಿಯೆಲ್ಲ ಗುಳೆ ಹೋಗುವುದು ಹಳೆಯ ರೂಢಿ. 2011ರ ಜನಗಣತಿಯಂತೆ ಕಲಬುರಗಿ ಜಿಲ್ಲೆಯ ಮಹಿಳಾ ಸಾಕ್ಷರತೆ ಸುಮಾರು ಶೇ 55.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ಮದ್ಯದ ಪ್ಯಾಕೆಟ್ ಬಂತು. ಹಳ್ಳಿಯ ಕಿರಾಣಿ ಅಂಗಡಿ, ಪಾನ್‌ಡಬ್ಬಿಗಳಲ್ಲಿ ಅದು ಕದ್ದುಮುಚ್ಚಿ ಸಿಗುತ್ತದೆಂಬ ದೂರು ಕಲ್ಯಾಣ ಕರ್ನಾಟಕದ ಉದ್ದಕ್ಕೂ ಇದೆ. ರಾಯಚೂರು ಮತ್ತು ತೆಲಂಗಾಣದ ಗಡಿಯ ಕಡೆ ಸೇಂದಿಗೆ ‘ಸಿ.ಎಚ್. ಪೌಡರ್’, ಅಂದರೆ ಕ್ಲೋರಲ್ ಹೈಡ್ರೇಟ್, ಬೆರೆಸುವ ಹಾವಳಿ ಹಳೆಯದು. 2020ರ ಸೆಪ್ಟೆಂಬರಿನಲ್ಲಿ ಕಲಬುರಗಿ ಜಿಲ್ಲೆಯ ಕಾಳಗಿ ತಾಲ್ಲೂಕಿನಲ್ಲಿ ಬೆಂಗಳೂರು ಪೊಲೀಸರು 1,300 ಕಿಲೊಗೂ ಹೆಚ್ಚು ಗಾಂಜಾ ವಶಪಡಿಸಿಕೊಂಡರು. ಹೆಂಗಸರ ಮಟ್ಟಿಗೆ ಎಲ್ಲಕ್ಕಿಂತ ಸಾಮಾನ್ಯವಾದದ್ದು ತಂಬಾಕು. ಹಲ್ಲುಜ್ಜುವ ನೆಪದ ಮಶೇರಿ ಮತ್ತು ಎಲೆ-ಅಡಿಕೆಯ ಜೊತೆಗಿನ ತಂಬಾಕನ್ನು ಯಾರೂ ಚಟವೆಂದೇ ಎಣಿಸುವುದಿಲ್ಲವಾದ್ದರಿಂದ, ‘ಏನಾದರೂ ಚಟ ಉಂಟೇ’ ಎಂಬ ಪ್ರಶ್ನೆಗೆ ಅದು ಉತ್ತರವಾಗಿ ಬರುವುದೇ ಇಲ್ಲ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ 2019ರ ವರದಿಯಲ್ಲಿ ಮದ್ಯ ಸೇವಿಸುವ ಗಂಡಸರು ಶೇ 27.3, ಹೆಂಗಸರು ಶೇ 1.6. ಈ ಸಣ್ಣ ಅಂಕಿಯೇ ಹೆಣ್ಣಿಗೆ ತೊಡಕಾಗಿದೆ: ಚಟವೆಂದರೆ ಗಂಡಸಿನದೆಂದೇ ಎಣಿಕೆ. ಉತ್ತರ ಕರ್ನಾಟಕದ ವ್ಯಸನಮುಕ್ತಿಯ ಪರಂಪರೆ ದೊಡ್ಡದು: ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳ ಭಿಕ್ಷೆ ಬೇಡಿದರು, ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದ ವ್ಯಸನಮುಕ್ತ ದಿನ. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಊರೂರಿಗೆ ಬಂದಿವೆ. 2019ರ ಜನವರಿಯಲ್ಲಿ ಮದ್ಯನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದವರಲ್ಲಿ ಈ ಭಾಗದ ಹೆಂಗಸರೇ ಮುಂದಿದ್ದರು. ಇವೆಲ್ಲದರಲ್ಲೂ ಹೆಣ್ಣು ಬಹುಮಟ್ಟಿಗೆ ಕುಡುಕನ ಹೆಂಡತಿ, ಇಲ್ಲವೇ ತಾಯಿ. ಅವಳೇ ಕುಡಿಯುವವಳಾದರೆ ಶಿಬಿರದಲ್ಲಿ ಅವಳಿಗೆ ಹಾಸಿಗೆಯಿಲ್ಲ, ಊರಿನಲ್ಲಿ ಅವಳ ಕಷ್ಟಕ್ಕೆ ಒಂದು ಹೆಸರೂ ಇಲ್ಲ, ಬಯ್ಗುಳಗಳಿವೆ. ಆದಕಾರಣ ಪರಿಶೀಲನೆಗೆ ಬರುವ ಹೊತ್ತಿಗೆ ಅವಳು ಮುಚ್ಚಿಡುವುದನ್ನು ಚೆನ್ನಾಗಿ ಕಲಿತಿರುತ್ತಾಳೆ.

ವಿಚಾರಣೆಯ ಬಗೆ

ಮೊದಲ ಭೇಟಿಯಲ್ಲಿ ಕುಡಿತದ ಮಾತು ಎತ್ತದಿರುವುದು ಅನುಭವಸ್ಥರ ಪದ್ಧತಿ. ‘ಕೂಸಿಗಿ ಸೂಜಿ ಯಾವಾಗ ಮಾಡ್ಸೀರಿ ಯವ್ವಾ?’ ಎಂದು ಶುರುಮಾಡಿ ತಾಯಿ ಕಾರ್ಡ್ ತರಿಸಿ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಮಗುವಿನ ತೂಕದ ಗೆರೆ ಯಾವ ತಿಂಗಳಲ್ಲಿ ಕುಸಿಯಿತು, ಯಾವ ಲಸಿಕೆ ತಪ್ಪಿತು ಎಂಬುದು ತಾಯಿಯ ಕೆಟ್ಟ ದಿನಗಳ ಗುರುತೂ ಆಗಿರಬಹುದು, ಬರಿಯ ಗುಳೆಯ ಗುರುತೂ ಆಗಿರಬಹುದು. ಎರಡನ್ನೂ ಬೇರ್ಪಡಿಸಲು ಅಂಗನವಾಡಿಯ ಹಾಜರಿ ಪುಸ್ತಕ ನೆರವಾಗುತ್ತದೆ: 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ-ಬಾಣಂತಿಯರಿಗೆ ಅಲ್ಲಿ ಮಧ್ಯಾಹ್ನದ ಬಿಸಿಯೂಟವಿದೆ, ಯಾರು ಬಂದರು ಯಾರು ಬರಲಿಲ್ಲ ಎಂಬುದು ದಾಖಲಾಗುತ್ತದೆ.

ಮನೆಭೇಟಿಯ ದೊಡ್ಡ ತೊಡಕು ಏಕಾಂತದ್ದು. ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದ ಕೂಡಲೆ ಅತ್ತೆ, ನೆಗೆಣ್ಣಿ, ಓಣಿಯ ನಾಲ್ಕು ಹೆಂಗಸರು ಸೇರುತ್ತಾರೆ. ಪ್ರಶ್ನೆ ಸೊಸೆಗೆ, ಉತ್ತರ ಅತ್ತೆಯದು. ಅಂಗನವಾಡಿಯಲ್ಲಿ, ಇಲ್ಲವೇ ಆಶಾ ಕಾರ್ಯಕರ್ತೆಯ ಮನೆಯಲ್ಲಿ ಎರಡನೆಯ ಭೇಟಿ ಇಟ್ಟುಕೊಂಡಾಗಲೇ ‘ಎರಡ್ ತಿಂಗಳಾತ್ರೀ ಅಕ್ಕಾ ಮುಟ್ಟಿಲ್ಲ’ ಎಂಬ ಮಾತು, ಅದರ ಹಿಂದೆಯೇ ಮನೆಯಲ್ಲಿ ಗಂಡ ಈಗಲೂ ಕುಡಿಯುತ್ತಾನೆಂಬ ಮಾತು ಹೊರಬರುವುದು.

ಪರಿಶೀಲಕರು ಮೂರು ತಲೆಮಾರಿನ ಕುಟುಂಬ ನಕ್ಷೆ ಬರೆಯುತ್ತಾರೆ. ಪಾಠದ ಪುಸ್ತಕದಲ್ಲಿ ತವರಿನದೊಂದು ಗೆರೆ, ಗಂಡನ ಮನೆಯದೊಂದು ಗೆರೆ. ಈ ಸೀಮೆಯಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಡುವ ರೂಢಿ ಇರುವುದರಿಂದ ಅತ್ತೆಯೇ ಅವಳ ಸೋದರತ್ತೆಯಾಗಿರಬಹುದು, ಅಜ್ಜಿಯಾಗಿರಬಹುದು. ‘ಸ್ವಲ್ಪ ದಿನ ತವರಿಗೆ ಕಳಿಸಿ’ ಎಂಬ ಸುಲಭದ ಸಲಹೆ ಇಂಥಲ್ಲಿ ಸಲ್ಲುವುದಿಲ್ಲ. ಎರಡೂ ಮನೆಯ ಸುದ್ದಿ ಒಂದೇ, ಮುನಿಸೂ ಒಂದೇ. ಹಾಗೆಯೇ ಒಳ್ಳೆಯದೂ ಉಂಟು: ಸೋದರಿಕೆ ಗಟ್ಟಿಯಿದ್ದ ಮನೆಯಲ್ಲಿ ಕೂಸನ್ನು ಹಿಡಿಯುವ ಕೈಗಳಿಗೆ ಕೊರತೆಯಿರುವುದಿಲ್ಲ, ಮತ್ತು ಮಗುವಿನ ಸುರಕ್ಷತೆಯ ಪ್ರಶ್ನೆಯಲ್ಲಿ ಇದೇ ದೊಡ್ಡ ಬಲ.

ದುಡ್ಡಿನ ಹರಿವನ್ನೂ ಕೇಳಬೇಕು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯ ಯಜಮಾನಿಗೆ ಹೋಗುತ್ತದೆ. ಕೂಡುಮನೆಯಲ್ಲಿ ಅವಳು ಸಾಮಾನ್ಯವಾಗಿ ಅತ್ತೆ. ಅದೇ ವರ್ಷದ ಜೂನ್ 11ರಂದು ಬಂದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಮಾತ್ರ ನೇರ ಸೊಸೆಯ ಕೈಗೇ ಸಿಕ್ಕಿದೆ. ಆಳಂದದಿಂದಾಗಲಿ ಜೇವರ್ಗಿಯಿಂದಾಗಲಿ ಕಲಬುರಗಿ ಸುಮಾರು 40 ಕಿ.ಮೀ., ಅಫಜಲಪುರ ಇನ್ನೂ ದೂರ. ಆಸ್ಪತ್ರೆಗೆ ಹೋಗಿಬರಲು ಗಂಡನ ಮುಂದೆ ಕೈಯೊಡ್ಡಬೇಕಿಲ್ಲ ಎನ್ನುವುದು ಚಿಕಿತ್ಸೆಯ ಯೋಜನೆಯಲ್ಲಿ ಬರೆದಿಡತಕ್ಕ ಸಂಗತಿ.

ದೇವಸ್ಥಾನ-ದರ್ಗಾಗಳ ವಿಚಾರವನ್ನೂ ಕೇಳಬೇಕು. ಗಾಣಗಾಪುರ ಅಫಜಲಪುರ ತಾಲ್ಲೂಕಿನಲ್ಲಿದೆ. ಭೀಮಾ-ಅಮರ್ಜಾ ಸಂಗಮದ ಈ ದತ್ತಕ್ಷೇತ್ರಕ್ಕೆ ಗಾಳಿ ಸೋಕಿದೆಯೆಂದು, ಮನಸ್ಸು ಕೆಟ್ಟಿದೆಯೆಂದು ಜನರನ್ನು ಕರೆತರುತ್ತಾರೆ. ಆಳಂದದ ಲಾಡ್ಲೆ ಮಶಾಯಕ್ ದರ್ಗಾಕ್ಕೂ ಎಲ್ಲ ಜಾತಿ-ಮತದವರು ಹರಕೆ ಹೊತ್ತು ಹೋಗುತ್ತಾರೆ. ಇದನ್ನು ಮೂಢನಂಬಿಕೆ ಎಂದು ಒಂದೇ ಪದದಲ್ಲಿ ತಳ್ಳಿಹಾಕಿದ ವರದಿ ಅರ್ಧ ವರದಿ. ಯಾರು ಕರೆದೊಯ್ದರು, ಎಷ್ಟು ದಿನ ಇಟ್ಟರು, ಆಗ ಮಗು ಯಾರ ಬಳಿ ಇತ್ತು, ಕಟ್ಟಿಹಾಕಿದರೇ ಎಂದು ಕೇಳಲೇಬೇಕು. ಮಾನಸಿಕ ಕಾಯಿಲೆಯವರನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಮದ್ಯ ಮತ್ತು ಮಾದಕವಸ್ತುವಿನ ದುರ್ಬಳಕೆಯಿಂದಾದ ಮಾನಸಿಕ ಸ್ಥಿತಿಗಳೂ ಅದರ ವ್ಯಾಖ್ಯೆಗೆ ಸೇರಿವೆ.

ಪ್ರಶ್ನಾವಳಿಗಳು

ಚಟ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಮತ್ತು ‘ಅಸಿಸ್ಟ್’, ಬಾಣಂತಿ ಖಿನ್ನತೆಗೆ 1987ರ ಎಡಿನ್‌ಬರೊ ಮಾಪಕ ಬಳಕೆಯಲ್ಲಿವೆ. ಆಡಿಟ್ ಕೇಳುವ ಪೆಗ್ಗಿನ ಲೆಕ್ಕ ಪ್ಯಾಕೆಟ್ಟಿಗೂ ಕಳ್ಳಭಟ್ಟಿಗೂ ಕೂಡಿಬರುವುದಿಲ್ಲ. ‘ದಿನಕ್ಕೆ ಎಷ್ಟು ರೂಪಾಯಿದು’ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ತುರ್ತಿನ ಒಂದೆರಡು ವಿಷಯಗಳಲ್ಲಿ ಮಾತ್ರ ಕಾಯುವಂತಿಲ್ಲ. ಹೆಚ್ಚು ಕುಡಿಯುತ್ತಿದ್ದವಳು ಒಮ್ಮೆಲೇ ಬಿಟ್ಟರೆ ಎರಡು-ಮೂರು ದಿನದೊಳಗೆ ನಡುಕ, ಫಿಟ್ಸ್, ಸನ್ನಿ ಬರಬಹುದು. ಅಫೀಮಿನ ಜಾತಿಯ ವಸ್ತುವಿಗೆ ಒಗ್ಗಿದ ಗರ್ಭಿಣಿಗೆ ದಿಢೀರ್ ಬಿಡಿಸುವುದಕ್ಕಿಂತ ಬದಲಿ ಔಷಧವೇ ಮೇಲೆಂದು ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಗಸೂಚಿಯಲ್ಲಿ ಹೇಳಿದೆ.

ಮಗು ಮತ್ತು ಕಾನೂನು

ವರದಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋದಾಗ ಅದರ ತೂಕವೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯಂತೆ ಸಾಮಾಜಿಕ ತನಿಖೆ 15 ದಿನದೊಳಗೆ ಮುಗಿಯಬೇಕು. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯ ಎನ್ನುವುದು ಕಾಯ್ದೆಯ ಮೂಲತತ್ತ್ವಗಳಲ್ಲೊಂದು. ಚಿಕಿತ್ಸಾಲಯದಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಅಗಲಿಸಲೇಬೇಕಾದರೆ ಆ ತೀರ್ಮಾನವನ್ನು 15 ದಿನಕ್ಕೊಮ್ಮೆ ಮರುಪರಿಶೀಲಿಸಬೇಕು, 30 ದಿನ ಮೀರಿದರೆ ಮಾನಸಿಕ ಆರೋಗ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಹೀಗಿದ್ದೂ ‘ತಾಯಿ ಕುಡಿಯುವವಳು’ ಎಂಬ ಒಂದೇ ಸಾಲು ಎಲ್ಲವನ್ನೂ ತೀರ್ಮಾನಿಸಿಬಿಡುವ ಅಪಾಯವಿದೆ. ಮಗು ಹಸಿದಾಗ ಯಾರು ಎದ್ದರು, ಜ್ವರ ಬಂದ ರಾತ್ರಿ ಯಾರು ಆಸ್ಪತ್ರೆಗೆ ಹೊತ್ತೊಯ್ದರು, ತಾಯಿ ಕುಡಿದ ದಿನ ಮಗುವನ್ನು ಯಾರ ಮಡಿಲಿಗೆ ಹಾಕಿ ಹೋದಳು ಎಂಬ ವಿವರಗಳಿದ್ದರೆ ಸಮಿತಿಗೆ ತೂಗಿನೋಡಲು ಏನಾದರೂ ಇರುತ್ತದೆ. ಕುಡಿಯುವ ಮುನ್ನ ಮಗುವನ್ನು ನಂಬುಗೆಯವರಿಗೆ ಒಪ್ಪಿಸಿದ್ದಾಳೆಂದರೆ ಅದೂ ಒಂದು ಜವಾಬ್ದಾರಿಯೇ.

ಮಾದಕವಸ್ತು ಸ್ವಂತಕ್ಕೆ ಬಳಸಿದವರು ತಾವಾಗಿ ಸರ್ಕಾರಿ ಮಾನ್ಯತೆಯ ಚಿಕಿತ್ಸೆಗೆ ಒಪ್ಪಿದರೆ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಕೇಸಿನ ಭಯದಿಂದ ಬಾಯಿಬಿಡದವಳಿಗೆ ಇದನ್ನು ಮೊದಲೇ ಹೇಳುವುದು ಲೇಸು.

ನೆರವಿನ ತಾಣಗಳು

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಚಿಕಿತ್ಸಾಲಯ ಹತ್ತಿರದ ದಾರಿಗಳು. ದೊಡ್ಡ ಚಿಕಿತ್ಸೆಗೆ ಕಲಬುರಗಿಯ ಜಿಮ್ಸ್ ಆಸ್ಪತ್ರೆ. ತಾಯಿ-ಮಗು ಕೂಡಿಯೇ ಉಳಿಯುವ ವಿಭಾಗ ನಿಮ್ಹಾನ್ಸಿನಲ್ಲಿ 2009ರಿಂದ ಇದೆ. ಆದರೆ ಆಳಂದದ ಕೂಲಿ ಹೆಂಗಸಿಗೆ ಬೆಂಗಳೂರು ರಾತ್ರಿಯಿಡೀ ಪ್ರಯಾಣದ ದೂರ. ಹತ್ತಿರದಲ್ಲೇ ಪರಿಶೀಲನೆಗೆ ನೆರವಾಗಬಲ್ಲವರೆಂದರೆ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಕಲಿತವರು; ಅವರು ಈ ಸೀಮೆಯ ಮಾತು ಬಲ್ಲವರು.

ಮರುಪರಿಶೀಲನೆಯ ದಿನಾಂಕವನ್ನು ಕ್ಯಾಲೆಂಡರ್ ನೋಡಿ ಹಾಕುವುದಕ್ಕಿಂತ ತೊಗರಿ ರಾಶಿ ನೋಡಿ ಹಾಕುವುದು ಇಲ್ಲಿ ಉಪಯುಕ್ತ. ರಾಶಿ ಮುಗಿದು ಕೈಗೆ ದುಡ್ಡು ಬಂದ ವಾರಗಳೂ, ಅದರ ಹಿಂದೆಯೇ ಬರುವ ಗುಳೆಯ ತಿಂಗಳುಗಳೂ ಚಟ ಮರುಕಳಿಸುವ ಕಾಲ. ಪುಣೆಯ ಕಟ್ಟಡದ ಶೆಡ್ಡಿಗೆ ಹೋದ ತಾಯಿಯ ಕಡತ ಜಿಲ್ಲೆಯಲ್ಲೇ ಉಳಿಯುತ್ತದೆ. ಹೊರಡುವ ಮುನ್ನ ಅವಳ ಕೈಗೆ ಔಷಧದ ಚೀಟಿಯ ನಕಲು, ತಾಯಿ ಕಾರ್ಡ್ ಮತ್ತು ಎರಡು ದೂರವಾಣಿ ಸಂಖ್ಯೆಗಳನ್ನು ಕೊಟ್ಟು ಕಳಿಸುತ್ತಾರೆ: 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.